ವಾಹನದ ಸಸ್ಪೆನ್ಷನ್ ಬಲಪಡಿಸುವಿಕೆ: ದುರಸ್ತಿಯೇ, ಬಂಡವಾಳವೇ, ನಿಷಿದ್ಧ ಮಾರ್ಪಾಡೇ?

ಕೋಲಾರ ಜಿಲ್ಲೆಯ ವ್ಯಾಪಾರವು ಬಹುಮಟ್ಟಿಗೆ ಚಕ್ರಗಳ ಮೇಲೆ ನಿಂತಿದೆ. ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬರುವ ಟೊಮೆಟೊ, ಶ್ರೀನಿವಾಸಪುರದ ಮಾವು, ಮಾಲೂರಿನ ಇಟ್ಟಿಗೆ ಮತ್ತು ಹೆಂಚು, ಮುಳಬಾಗಿಲಿನ ತರಕಾರಿ, ಇವೆಲ್ಲವೂ ಪಿಕಪ್ ವಾಹನ ಅಥವಾ ಸಣ್ಣ ಲಾರಿಯನ್ನೇ ಅವಲಂಬಿಸಿವೆ. ಕೋಲಾರ ಮತ್ತು ಮುಳಬಾಗಿಲುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಸುಗಮವಾಗಿದೆ. ಆದರೆ ತೋಟದಿಂದ ಹೆದ್ದಾರಿಯವರೆಗೆ, ಮಣ್ಣಿನ ಗುಂಡಿಯಿಂದ ಇಟ್ಟಿಗೆ ಗೂಡಿನವರೆಗೆ, ಟೇಕಲ್ ಸುತ್ತಿನ ಕಲ್ಲುಗಣಿಯಿಂದ ಡಾಂಬರು ರಸ್ತೆಯವರೆಗೆ ವಾಹನವು ಕ್ರಮಿಸಬೇಕಾದ ದಾರಿಯನ್ನು ರಸ್ತೆಯೆಂದು ಕರೆಯುವುದು ಕಷ್ಟ. ವಾಹನದ ಸಸ್ಪೆನ್ಷನ್ ವ್ಯವಸ್ಥೆಯು ಸವೆಯುವುದು ಈ ಕೆಲವು ಕಿಲೋಮೀಟರುಗಳಲ್ಲಿಯೇ.

ಆದ್ದರಿಂದ ಅನೇಕ ಮಾಲೀಕರು ಸಸ್ಪೆನ್ಷನ್‌ಅನ್ನು ಬಲಪಡಿಸಿಕೊಳ್ಳುತ್ತಾರೆ. ವರ್ಷಾಂತ್ಯದಲ್ಲಿ ಅದರ ಬಿಲ್ಲು 'ವಾಹನ ದುರಸ್ತಿ' ಎಂಬ ಒಂದೇ ಖಾತೆಗೆ ಜಮೆಯಾಗುತ್ತದೆ. ಆದರೆ ಒಂದೇ ಮೊತ್ತದ ಬಿಲ್ಲು ಕಾನೂನಿನ ದೃಷ್ಟಿಯಲ್ಲಿ ಮೂರು ಬಗೆಯದಾಗಿರಬಹುದು: ಪೂರ್ಣವಾಗಿ ಕಳೆಯಬಹುದಾದ ರಾಜಸ್ವ ವೆಚ್ಚ, ವರ್ಷ ವರ್ಷ ಸವಕಳಿಯ ಮೂಲಕ ಮಾತ್ರ ಕಳೆಯಬಹುದಾದ ಬಂಡವಾಳ ವೆಚ್ಚ, ಅಥವಾ ಎಂದಿಗೂ ಕಳೆಯಲಾಗದ ನಿಷಿದ್ಧ ವೆಚ್ಚ. ಇದು ಯಾವ ಬಗೆಯದೆಂಬುದು ವರ್ಕ್‌ಶಾಪಿನಲ್ಲಿ ನಡೆದ ಕೆಲಸದಿಂದ ನಿರ್ಧಾರವಾಗುತ್ತದೆ, ಖಾತೆಯ ಹೆಸರಿನಿಂದಲ್ಲ. ಹೀಗಾಗಿ ಈ ವಿಚಾರವನ್ನು ಕೆಲಸಕ್ಕೆ ಮುಂಚೆಯೇ ಪರಿಶೀಲಿಸುವುದು ಅಗತ್ಯ.

1. ಸಸ್ಪೆನ್ಷನ್ ಮಾಡುವ ಕೆಲಸ

ಸರಕು ವಾಹನಗಳ ಹಿಂಭಾಗದಲ್ಲಿ ಸಾಮಾನ್ಯವಾಗಿ ಕಂಡುಬರುವುದು ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿ ಯು-ಬೋಲ್ಟುಗಳಿಂದ ಬಿಗಿದ ಬಾಗಿದ ಉಕ್ಕಿನ ಪಟ್ಟಿಗಳು. ಇವು ಹೊರೆಯನ್ನು ಹೊರುತ್ತವೆ. ಇವುಗಳ ಜೊತೆಗಿರುವ ಶಾಕ್ ಅಬ್ಸಾರ್ಬರ್ ಹೊರೆಯನ್ನು ಹೊರುವುದಿಲ್ಲ. ಗುಂಡಿಯಲ್ಲಿ ಇಳಿದೆದ್ದ ವಾಹನವು ಮತ್ತೆ ಮತ್ತೆ ಕುಣಿಯದಂತೆ ತಡೆಯುತ್ತದೆ. ಎರಡರ ಕೆಲಸವೂ ಬೇರೆ ಬೇರೆ. ಮಣ್ಣಿನ ದಾರಿಯಲ್ಲಿ ವಾಹನ ಕುಲುಕುವುದಕ್ಕೆ ಸವೆದ ಶಾಕ್ ಅಬ್ಸಾರ್ಬರ್ ಅಥವಾ ಸತ್ತುಹೋದ ರಬ್ಬರ್ ಬುಷ್ ಕಾರಣವಾಗಿರುವಾಗ ಹೆಚ್ಚುವರಿ ಪಟ್ಟಿ ಹಾಕಿಸಿದರೆ ಹಣ ಖರ್ಚಾಗುತ್ತದೆ, ದೋಷ ಉಳಿಯುತ್ತದೆ.

ನಾಲ್ಕು ಚಕ್ರಗಳ ಚಾಲನೆಯುಳ್ಳ ಜೀಪು ಮಾದರಿಯ ವಾಹನಗಳಲ್ಲಿ ಈ ವ್ಯವಸ್ಥೆ ಬದಲಾಗುತ್ತ ಬಂದಿದೆ. 2019ರಲ್ಲಿ ತಯಾರಿಕೆ ನಿಂತ ಮಾರುತಿ ಜಿಪ್ಸಿಯ ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್‌ಗಳಿದ್ದವು. 2020ರಲ್ಲಿ ಬಂದ ಮಹೀಂದ್ರ ಥಾರ್ ಮತ್ತು 2023ರಲ್ಲಿ ಬಂದ ಮಾರುತಿ ಜಿಮ್ನಿಗಳಲ್ಲಿ ಸುರುಳಿ ಸ್ಪ್ರಿಂಗ್‌ಗಳಿವೆ. ಆದಕಾರಣ ಹಳೆಯ ಜೀಪಿಗೆ ಮಾಡಿದ ಉಪಾಯವು ಹೊಸ ಜೀಪಿಗೆ ಹೊಂದುವುದಿಲ್ಲ.

ಹೆಚ್ಚುವರಿ ಪಟ್ಟಿಯಿಂದ ಸ್ಪ್ರಿಂಗ್ ಮಾತ್ರ ಗಡುಸಾಗುತ್ತದೆ. ಆಕ್ಸಲ್, ಬ್ರೇಕ್, ಟೈರ್ ಮತ್ತು ಚಾಸಿಗಳು ಮೊದಲಿನಂತೆಯೇ ಇರುತ್ತವೆ. ಕೆಲವು ವಾಹನಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಹೊರೆಗೆ ತಕ್ಕಂತೆ ಹೊಂದಿಸುವ ಕವಾಟವಿರುತ್ತದೆ. ಅದು ಚಾಸಿಗೂ ಆಕ್ಸಲಿಗೂ ನಡುವಿನ ಅಂತರವನ್ನು ನೋಡಿ ಹೊರೆಯನ್ನು ಅಂದಾಜು ಮಾಡುತ್ತದೆ. ಗಡುಸಾದ ಸ್ಪ್ರಿಂಗ್ ತುಂಬಿದ ವಾಹನವನ್ನೂ ಎತ್ತರದಲ್ಲೇ ಹಿಡಿದಿಟ್ಟರೆ ಕವಾಟವು ವಾಹನ ಖಾಲಿಯಿದೆಯೆಂದೇ ತಿಳಿದು ಹಿಂದಿನ ಬ್ರೇಕಿಗೆ ಕಡಿಮೆ ಒತ್ತಡ ಕಳುಹಿಸುತ್ತದೆ. ಹೊರೆ ಹೆಚ್ಚಿದಾಗಲೇ ಬ್ರೇಕ್ ಕುಗ್ಗುವ ಅಪಾಯ ಇದರಲ್ಲಿದೆ.

2. ಪಟ್ಟಿ ಹೆಚ್ಚಿದರೆ ಮಿತಿ ಹೆಚ್ಚದು

ವಾಹನದ ಒಟ್ಟು ತೂಕದ ಮಿತಿಯನ್ನು ನೋಂದಣಿ ಪತ್ರದಲ್ಲಿ ನಮೂದಿಸಲಾಗಿರುತ್ತದೆ. ಸ್ಪ್ರಿಂಗ್ ಬಲಪಡಿಸಿದ ಮಾತ್ರಕ್ಕೆ ಆ ಸಂಖ್ಯೆ ಬದಲಾಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸಕೂಡದು. ವಾಹನದ ಮೂಲ ಲಕ್ಷಣವು ಬದಲಾಗುವಂಥ ರಚನಾ ಬದಲಾವಣೆಯೇ ಮಾರ್ಪಾಡು ಎಂದು ಅದೇ ಕಲಂ ವಿವರಿಸುತ್ತದೆ. ಕೇರಳದ ಸಾರಿಗೆ ಅಧಿಕಾರಿಗಳ ಮೇಲ್ಮನವಿಯೊಂದರಲ್ಲಿ 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ತಯಾರಕರ ಮೂಲ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡಿಗೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಸವೆದ ಪಟ್ಟಿಯ ಬದಲಿಗೆ ಅದೇ ನಿರ್ದಿಷ್ಟತೆಯ ಪಟ್ಟಿ, ಸೋರುವ ಶಾಕ್ ಅಬ್ಸಾರ್ಬರಿನ ಬದಲಿಗೆ ಅದೇ ಅಳತೆಯ ಉತ್ತಮ ಗುಣಮಟ್ಟದ್ದು ಹಾಕಿಸುವುದು ಈ ಅರ್ಥದಲ್ಲಿ ಮಾರ್ಪಾಡಾಗಲಾರದು. ವಾಹನವನ್ನು ಎತ್ತರಿಸುವ, ಆಕ್ಸಲ್ ಬದಲಿಸುವ, ಹೊರೆಯ ಸಾಮರ್ಥ್ಯ ಹೆಚ್ಚಿಸುವ ಉದ್ದೇಶದ ಕೆಲಸಗಳಿಗೆ ಮುಂಚಿತವಾಗಿ ಸಾರಿಗೆ ಕಚೇರಿಯ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯತಕ್ಕದ್ದು.

ಹೆಚ್ಚುವರಿ ಹೊರೆಯ ಲಾಭವನ್ನು ಲೆಕ್ಕದಲ್ಲಿಯೇ ನೋಡಬಹುದು. ಪಿಕಪ್ ವಾಹನವೊಂದರ ಹೊರೆಯ ಮಿತಿ 1,500 ಕಿಲೋ ಎಂದಿಟ್ಟುಕೊಳ್ಳಬಹುದು. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ 15 ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಖಾಲಿ ಬಾಕ್ಸಿನ ತೂಕ 2 ಕಿಲೋ ಎಂದು ಹಿಡಿದರೆ ಒಂದರ ತೂಕ 17 ಕಿಲೋ. ಮಿತಿಯೊಳಗೆ ಹಿಡಿಯುವುದು 88 ಬಾಕ್ಸ್. ಪಟ್ಟಿ ಸೇರಿಸಿ 120 ಬಾಕ್ಸ್ ಹೇರಿದರೆ ತೂಕ 2,040 ಕಿಲೋ, ಅಂದರೆ 540 ಕಿಲೋ ಅಧಿಕ. ಬಾಕ್ಸಿಗೆ 10 ರೂಪಾಯಿ ಬಾಡಿಗೆಯೆಂದು ಭಾವಿಸಿದರೆ 32 ಹೆಚ್ಚುವರಿ ಬಾಕ್ಸುಗಳಿಂದ ಒಂದು ಸರದಿಗೆ 320 ರೂಪಾಯಿ ದೊರೆಯುತ್ತದೆ. ಅಧಿಕ ಹೊರೆಗೆ ಕೇಂದ್ರ ಕಾಯ್ದೆಯ 194ನೇ ಕಲಂ ಹೇಳುವ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಒಮ್ಮೆ ಸಿಕ್ಕಿಬಿದ್ದರೆ 63 ಸರದಿಗಳ ಹೆಚ್ಚುವರಿ ಗಳಿಕೆ ಅಲ್ಲಿಗೇ ಮುಗಿಯುತ್ತದೆ.

3. ಆದಾಯ ತೆರಿಗೆಯ ದೃಷ್ಟಿ

1961ರ ಆದಾಯ ತೆರಿಗೆ ಕಾಯ್ದೆಯ 31ನೇ ಕಲಂ ಯಂತ್ರೋಪಕರಣಗಳ 'ಚಾಲ್ತಿ ದುರಸ್ತಿ'ಗೆ ಪೂರ್ಣ ಕಡಿತ ನೀಡಿತು. ಬಂಡವಾಳ ಸ್ವರೂಪದ ವೆಚ್ಚ ಅದರಲ್ಲಿ ಸೇರದು ಎಂಬ ವಿವರಣೆಯನ್ನು 2003ರ ಹಣಕಾಸು ಕಾಯ್ದೆ ಸೇರಿಸಿತು. 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಲಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂಗಳ ಸಂಖ್ಯೆ ಬೇರೆಯಾಗಿದೆ. ಸದಸ್ಯರಿಗೆ ಪರಿಚಿತವಾದ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಲಾಗಿದೆ.

ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿದ ಮಾನದಂಡ ಸರಳವಾಗಿದೆ: ಈಗಿರುವ ಆಸ್ತಿಯನ್ನು ಕಾಪಾಡಿ ನಿರ್ವಹಿಸುವ ವೆಚ್ಚವು ದುರಸ್ತಿ, ಹೊಸ ಆಸ್ತಿಯನ್ನು ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚವು ಬಂಡವಾಳ. ಸ್ಪ್ರಿಂಗ್ ತಾನಾಗಿಯೇ ಸ್ವತಂತ್ರ ಆಸ್ತಿಯಲ್ಲ, ವಾಹನದ ಒಂದು ಭಾಗ. ಸವೆದ ಭಾಗದ ಬದಲಾವಣೆಯು ಆದ್ದರಿಂದ ಸಾಮಾನ್ಯವಾಗಿ ದುರಸ್ತಿಯೇ ಆಗುತ್ತದೆ. ಸುಸ್ಥಿತಿಯಲ್ಲಿದ್ದ ಸಸ್ಪೆನ್ಷನ್ ತೆಗೆದು, ವಾಹನಕ್ಕೆ ಮೊದಲು ಇಲ್ಲದ ಅನುಕೂಲವನ್ನು ತರುವ ಹೊಸ ವ್ಯವಸ್ಥೆ ಅಳವಡಿಸಿದರೆ ಅದು ಬಂಡವಾಳ ವೆಚ್ಚ.

ಇನ್ನು ಮೂರನೆಯ ಬಗೆ. 37(1)ನೇ ಕಲಮಿನ ವಿವರಣೆಯಂತೆ, ಅಪರಾಧವಾದ ಅಥವಾ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವು ವ್ಯಾಪಾರದ ವೆಚ್ಚವೆನಿಸುವುದಿಲ್ಲ. ಅಧಿಕ ಹೊರೆಗಾಗಿಯೇ ಮಾಡಿದ ನಿಷಿದ್ಧ ಮಾರ್ಪಾಡಿನ ಬಿಲ್ಲಿಗೂ, ಅನಂತರ ತೆತ್ತ ದಂಡಕ್ಕೂ ಕಡಿತ ದೊರೆಯುವ ನಿರೀಕ್ಷೆ ಇಟ್ಟುಕೊಳ್ಳಬಾರದು.

ಉದಾಹರಣೆಗೆ 60,000 ರೂಪಾಯಿಯ ಬಿಲ್ಲು, ತೆರಿಗೆ ದರ ಶೇಕಡ 30, ಸವಕಳಿ ದರ ಶೇಕಡ 15 ಎಂದು ಭಾವಿಸಬಹುದು. ದುರಸ್ತಿಯಾದರೆ ಆ ವರ್ಷವೇ 60,000 ರೂಪಾಯಿ ಕಡಿತ. ಉಪಕರವನ್ನು ಬಿಟ್ಟು ತೆರಿಗೆಯ ಉಳಿತಾಯ 18,000. ಬಂಡವಾಳವಾದರೆ ಮೊದಲ ಪೂರ್ಣ ವರ್ಷದ ಸವಕಳಿ 9,000, ಉಳಿತಾಯ 2,700. ಮರುವರ್ಷ ಉಳಿದ 51,000ದ ಮೇಲೆ 7,650 ಸವಕಳಿ. ನಿಷಿದ್ಧವಾದರೆ ಉಳಿತಾಯ ಸೊನ್ನೆ.

ಪಾವತಿಯ ವಿಧಾನವೂ ಮುಖ್ಯ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 40ಎ(3) ಕಲಮಿನಂತೆ ಆ ವೆಚ್ಚಕ್ಕೆ ಕಡಿತವಿಲ್ಲ. ಬಂಡವಾಳ ವೆಚ್ಚವಾದರೆ ಹಾಗೆ ಕೊಟ್ಟ ಮೊತ್ತವು 43(1) ಕಲಮಿನಂತೆ ಆಸ್ತಿಯ ವೆಚ್ಚಕ್ಕೆ ಸೇರದು.

4. ನಾಲ್ಕು ಊರು, ನಾಲ್ಕು ಲೆಕ್ಕ

ಒಂದೇ ಕೆಲಸವು ಮಾಲೀಕರ ವ್ಯಾಪಾರಕ್ಕೆ ತಕ್ಕಂತೆ ಬೇರೆ ಬೇರೆ ಫಲ ಕೊಡುತ್ತದೆ. ಸರಕು ಮತ್ತು ಸೇವಾ ತೆರಿಗೆಯ ವಿಚಾರವೂ ಇಲ್ಲಿ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ದರ ಶೇಕಡ 28ರಿಂದ 18ಕ್ಕೆ ಇಳಿದಿದೆ. ಈ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ, ಪಡೆಯಲು ಎಲ್ಲರಿಗೂ ಸಾಧ್ಯವಿಲ್ಲ.

ಕೋಲಾರ: ಸ್ವಂತ ವಾಹನದಲ್ಲಿ ಟೊಮೆಟೊ ಸಾಗಿಸುವ ವ್ಯಾಪಾರಿಯ ಸರಕಿಗೆ ತೆರಿಗೆಯಿಲ್ಲ. ತೆರಿಗೆಯಿಲ್ಲದ ಸರಕಿಗಾಗಿ ಮಾಡಿದ ಖರೀದಿಗೆ ಹೂಡುವಳಿ ತೆರಿಗೆ ಜಮೆಯೂ ಇಲ್ಲ. ಬಿಲ್ಲಿನ ತೆರಿಗೆಯು ವೆಚ್ಚದಲ್ಲೇ ಸೇರುತ್ತದೆ.

ಮಾಲೂರು: ಇಟ್ಟಿಗೆ ತಯಾರಕರು ಜಮೆಸಹಿತ ಯೋಜನೆಯಲ್ಲಿದ್ದರೆ ಸರಕು ವಾಹನದ ಬಿಡಿಭಾಗಗಳಿಗೆ ಜಮೆ ದೊರೆಯುತ್ತದೆ, ಜಮೆಯಿಲ್ಲದ ಯೋಜನೆಯನ್ನು ಆಯ್ದಿದ್ದರೆ ದೊರೆಯದು. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನೂ ಪಡೆಯಕೂಡದು. ಗಣಿ ನೋಡಲು ಓಡಾಡುವ ಜೀಪಿನ ವಿಷಯ ಬೇರೆ. ಚಾಲಕ ಸೇರಿ 13 ಆಸನದವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಸೇವೆಗೆ, ಕೆಲವು ಅಪವಾದಗಳನ್ನು ಬಿಟ್ಟು, 17(5) ಕಲಂ ಜಮೆಯನ್ನು ತಡೆಯುತ್ತದೆ.

ಮುಳಬಾಗಿಲು: ಬಾಡಿಗೆಗೆ ಸರಕು ವಾಹನ ಓಡಿಸುವವರು ಪೂರ್ಣ ಲೆಕ್ಕ ಇಟ್ಟರೆ 1961ರ ಕಾಯ್ದೆಯ ನಿಯಮಗಳಂತೆ ಸವಕಳಿ ದರ ಶೇಕಡ 30. ಹತ್ತಕ್ಕಿಂತ ಹೆಚ್ಚು ವಾಹನಗಳಿಲ್ಲದವರು 44ಎಇ ಕಲಮಿನಂತೆ ಭಾರಿಯಲ್ಲದ ಪ್ರತಿ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಘೋಷಿಸಿದರೆ, ಸಸ್ಪೆನ್ಷನ್ ವೆಚ್ಚವು ಅದರಲ್ಲೇ ಅಡಗಿದೆಯೆಂದು ಅರ್ಥ, ಪ್ರತ್ಯೇಕ ಕಡಿತವಿಲ್ಲ.

ಶ್ರೀನಿವಾಸಪುರ: ಮಾವಿನ ತೋಟ ಮತ್ತು ಮಂಡಿ ಎರಡನ್ನೂ ಹೊಂದಿರುವವರ ವಾಹನವು ಎರಡಕ್ಕೂ ದುಡಿಯುತ್ತದೆ. ತೋಟದ ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದಿರುವುದರಿಂದ ಆ ಪಾಲಿನ ವೆಚ್ಚವನ್ನು ಮಂಡಿಯ ಲಾಭದಿಂದ ಕಳೆಯಲಾಗದು. ಸರದಿಗಳ ದಾಖಲೆ ಪುಸ್ತಕವಿದ್ದರೆ ಈ ಹಂಚಿಕೆಗೆ ಆಧಾರ ದೊರೆಯುತ್ತದೆ. ಮಂಡಿಯಲ್ಲಿ ಕಮಿಷನ್ ಗಳಿಸುವವರಿಗೆ 44ಎಡಿ ಕಲಮಿನ ಅಂದಾಜು ಆದಾಯದ ಸೌಲಭ್ಯ ಅನ್ವಯಿಸದೆಂಬುದನ್ನೂ ಗಮನಿಸಬೇಕು.

5. ವಿಮೆಯ ವಿಚಾರ

ಹಾಸನದ ವಿಮಾ ವಿಭಾಗೀಯ ಕಚೇರಿಗೆ ಸಂಬಂಧಿಸಿದ ಪ್ರಕರಣವೊಂದನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ತೀರ್ಮಾನಿಸಿತು. ಸರಕು ವಾಹನದಲ್ಲಿ ಆರು ಮಂದಿಗೆ ಅವಕಾಶವಿದ್ದು ಒಂಬತ್ತು ಮಂದಿ ಇದ್ದರೆಂಬ ಕಾರಣಕ್ಕೆ ಪರಿಹಾರ ನಿರಾಕರಿಸಲಾಗಿತ್ತು. ಹೆಚ್ಚುವರಿ ಜನರಿದ್ದುದು ಅಪಘಾತಕ್ಕೆ ಕಾರಣವಾಗಿರಲಿಲ್ಲವಾದ್ದರಿಂದ ನ್ಯಾಯಾಲಯ ಮಾಲೀಕರ ಪರವಾಗಿ ತೀರ್ಪಿತ್ತಿತು. ಈ ತೀರ್ಪಿನಿಂದ ಧೈರ್ಯ ತಂದುಕೊಳ್ಳುವ ಮುನ್ನ ಅದರ ತರ್ಕವನ್ನು ತಿರುಗಿಸಿ ನೋಡಬೇಕು. ಮಾರ್ಪಡಿಸಿದ ಸ್ಪ್ರಿಂಗ್ ಮತ್ತು ಅಧಿಕ ಹೊರೆಯಿದ್ದ ವಾಹನ ಇಳಿಜಾರಿನಲ್ಲಿ ಬ್ರೇಕ್ ಸಾಲದೆ ಉರುಳಿದರೆ, ಉಲ್ಲಂಘನೆಯೇ ಅಪಘಾತದ ಕಾರಣವಾಗಿ ನಿಲ್ಲುತ್ತದೆ. ಆದುದರಿಂದ ಮೂಲ ವಾಹನದಲ್ಲಿಲ್ಲದ ಯಾವುದೇ ಭಾಗವನ್ನು ಅಳವಡಿಸುವಾಗ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು ಲೇಸು.

6. ಪಾಲಿಸಬೇಕಾದ ಕ್ರಮ

(ಅ) ಮೊದಲು ದೋಷವನ್ನು ಗುರುತಿಸತಕ್ಕದ್ದು: ಪಟ್ಟಿಯೇ, ಬುಷ್ಷೇ, ಶಾಕ್ ಅಬ್ಸಾರ್ಬರೇ.

(ಆ) ಹಳೆಯ ಭಾಗಗಳ ಸ್ಥಿತಿಯನ್ನು ತಿಳಿಸುವ ಅಂದಾಜು ಪಟ್ಟಿ ಮತ್ತು ಛಾಯಾಚಿತ್ರಗಳನ್ನು ಕಡತದಲ್ಲಿಡತಕ್ಕದ್ದು.

(ಇ) ಬಿಲ್ಲಿನಲ್ಲಿ ವಾಹನದ ಸಂಖ್ಯೆ, ಭಾಗದ ಸಂಖ್ಯೆ ಮತ್ತು ಬದಲಾವಣೆಯ ಕಾರಣ ಇರಬೇಕು. 'ಸಾಮಾನು ಮತ್ತು ಕೂಲಿ' ಎಂಬ ಒಂದೇ ಸಾಲಿನ ಬಿಲ್ಲು ತೆರಿಗೆ ವಿಚಾರಣೆಯಲ್ಲಿ ನಿಲ್ಲುವುದಿಲ್ಲ.

(ಈ) ಬ್ಯಾಂಕಿನ ಮೂಲಕವೇ ಪಾವತಿ ಮಾಡತಕ್ಕದ್ದು.

(ಉ) ಕೆಲಸದ ನಂತರ ತುಂಬಿದ ವಾಹನವನ್ನು ತೂಕ ಮಾಡಿಸಿ, ಬ್ರೇಕನ್ನು ಪರೀಕ್ಷಿಸಿ, ತೂಕದ ಚೀಟಿಯನ್ನು ಬಿಲ್ಲಿನೊಡನೆ ಇಡತಕ್ಕದ್ದು.

ಒಟ್ಟಿನಲ್ಲಿ, ಸಸ್ಪೆನ್ಷನ್‌ಅನ್ನು ಸುಸ್ಥಿತಿಯಲ್ಲಿಡುವುದು ಜಾಣತನದ ವೆಚ್ಚ. ಮಣ್ಣಿನ ದಾರಿಯಲ್ಲಿ ಸರಕು ನಜ್ಜುಗುಜ್ಜಾಗದೆ ಮಾರುಕಟ್ಟೆ ಸೇರುವುದು, ಟೈರಿನ ಬಾಳಿಕೆ ಹೆಚ್ಚುವುದು, ಚಾಲಕರ ಬೆನ್ನು ಉಳಿಯುವುದು ಇವೆಲ್ಲ ಅದರ ಪ್ರತಿಫಲ. ಅದೇ ಪಟ್ಟಿಯನ್ನು ಹೊರೆಯ ಮಿತಿ ಮೀರಲು ಬಳಸಿದರೆ ದಂಡ, ವಿಮೆ, ತೆರಿಗೆ ಮೂರರಲ್ಲೂ ನಷ್ಟ. ಎಲ್ಲಕ್ಕಿಂತ ಮಿಗಿಲಾಗಿ ಚಾಲಕರ ಮತ್ತು ದಾರಿಹೋಕರ ಜೀವಕ್ಕೆ ಅಪಾಯ. ನೋಂದಣಿ ಪತ್ರದಲ್ಲಿರುವ ತೂಕದ ಸಂಖ್ಯೆಯನ್ನು ಒಮ್ಮೆ ಓದಿಕೊಂಡು ವರ್ಕ್‌ಶಾಪಿಗೆ ಹೋಗುವ ಮಾಲೀಕರಿಗೆ ಈ ತೊಂದರೆಗಳಲ್ಲಿ ಹೆಚ್ಚಿನವು ಬರಲಾರವು.