ಸೋರುವ ತಾರಸಿಯ ವಿಷಯವಾಗಿ ಸೋದರಳಿಯನಿಗೆ

ಭದ್ರಾವತಿ,
ಪುನರ್ವಸು ಮಳೆಯ ಕಾಲ

 

ಶಿವಮೊಗ್ಗದ ಮನೆಯ ನಡುಮನೆಯಲ್ಲಿ ಪಾತ್ರೆಗಳನ್ನಿಟ್ಟುಕೊಂಡು ಕುಳಿತಿರುವ ಸಂಗತಿಯನ್ನೂ, ಕಂಟ್ರಾಕ್ಟರು ಫೋನಿಗೆ ಸಿಗದಿರುವುದನ್ನೂ, ನೀನು ಊಟ ನಿದ್ರೆಗಳನ್ನು ಬಿಟ್ಟು ವಕೀಲರನ್ನು ಹುಡುಕುತ್ತಿರುವುದನ್ನೂ ನಿನ್ನ ತಾಯಿ ತಿಳಿಸಿದಳು. ಕೇಳಿ ಚಿಂತೆಯಾಯಿತು, ಚಿಂತೆಯ ಹಿಂದೆಯೇ ಸಿಟ್ಟೂ ಬಂದಿತು. ನಿನ್ನ ವಯಸ್ಸಿನ ಅನೇಕ ಗೃಹಸ್ಥರಿಗೆ ಇದೇ ಪಾಡು ಒದಗಿರುವುದರಿಂದ, ನಿನಗೆ ಹೇಳತಕ್ಕದ್ದನ್ನು ನಾಲ್ಕು ಜನ ಓದುವಂತೆಯೇ ಬರೆಯುತ್ತಿದ್ದೇನೆ, ಬೇಸರಪಡಬೇಡ.

ನಾನು ಬೆಳೆದದ್ದು ಹೆಂಚಿನ ಮನೆಯಲ್ಲಿ. ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆ, ವರ್ಷಕ್ಕೊಮ್ಮೆ ತಪ್ಪದೆ, ಹೆಂಚು ಕೈಯಾಡಿಸುವ ಕಾರ್ಯವು ನಮ್ಮಲ್ಲಿ ವ್ರತದಂತೆ ನಡೆಯುತ್ತಿತ್ತು. ಒಡೆದ ಹೆಂಚನ್ನು ತೆಗೆದು ಬೇರೆಯದನ್ನು ಹೊದಿಸುವುದು, ಗೆದ್ದಲು ಹಿಡಿದ ರೀಪನ್ನು ಬದಲಾಯಿಸುವುದು, ಸಂದಿನಲ್ಲಿ ಕೊಳೆತ ತರಗೆಲೆಯನ್ನು ಗುಡಿಸುವುದು, ಇವುಗಳಿಗೆಲ್ಲ ನನ್ನ ತಂದೆಯವರು ತಾವೇ ಏಣಿ ಹತ್ತುತ್ತಿದ್ದರು. ಮಾಡು ಎಂದಮೇಲೆ ಅದಕ್ಕೆ ಆರೈಕೆ ಬೇಕೆಂಬುದನ್ನು ಆ ಕಾಲದಲ್ಲಿ ಯಾರೂ ಯಾರಿಗೂ ಉಪದೇಶಿಸಬೇಕಾಗಿರಲಿಲ್ಲ. ಒಮ್ಮೆ ಹಾಕಿಸಿದರೆ ಮೂರು ತಲೆಮಾರು ತಿರುಗಿ ನೋಡಬೇಕಾಗಿಲ್ಲವೆಂಬ ಭ್ರಾಂತಿಯು ಆರ್.ಸಿ.ಸಿ. ತಾರಸಿಯೊಡನೆ ನಮ್ಮ ಮನೆಗಳಿಗೆ ಬಂದುದು.

ತಂದೆಯವರು ಇಲ್ಲಿಯ ಕಬ್ಬಿಣದ ಕಾರ್ಖಾನೆಯ ನೌಕರರು. 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯು ನಷ್ಟದಲ್ಲಿ ತೊಳಲುತ್ತಿದ್ದ ದಿನಗಳಲ್ಲಿ, 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ಅದನ್ನು ಹಿಡಿದೆತ್ತಿದ ಕಥೆಯು ನಮ್ಮ ಊರಿನಲ್ಲಿ ಮನೆಮನೆಯ ಮಾತಾಗಿತ್ತು. ಆ ಕಥೆಯಿಂದ ತಂದೆಯವರು ತೆಗೆದ ನೀತಿ ಇಷ್ಟೇ: ಕೆಲಸ ಕೆಟ್ಟಾಗ ಕೂಗಾಡುವವನಿಗಿಂತ, ಲೆಕ್ಕದ ಪುಸ್ತಕ ಹಿಡಿದು ಕೆಲಸದ ಸ್ಥಳಕ್ಕೆ ಬಂದು ನಿಲ್ಲುವವನಿಗೆ ಜನ ಹೆಚ್ಚು ಹೆದರುತ್ತಾರೆ.

1970ರ ದಶಕದಲ್ಲಿ ನಾವು ಈ ಮನೆಯನ್ನು ಕಟ್ಟಿಸತೊಡಗಿದೆವು. 1938ರಿಂದಲೂ ಸಿಮೆಂಟ್ ತಯಾರಿಸುತ್ತಿದ್ದ ಊರಿನಲ್ಲಿದ್ದೂ, ಸರ್ಕಾರದ ನಿಯಂತ್ರಣವಿದ್ದ ಆ ಕಾಲದಲ್ಲಿ, ಹತ್ತು ಚೀಲಕ್ಕೆ ಪರ್ಮಿಟ್ಟು ಹಿಡಿದು ಕಚೇರಿಯ ಮೆಟ್ಟಿಲು ಸವೆಸಬೇಕಾಗಿತ್ತು. ಅಷ್ಟು ಕಷ್ಟದಿಂದ ತಂದ ಸಿಮೆಂಟನ್ನು ಕಂಟ್ರಾಕ್ಟರೊಬ್ಬನು ಬೇರೊಂದು ಕಟ್ಟಡಕ್ಕೆ ಸಾಗಿಸಿ, ಗೋಡೆ ಕಿಟಕಿಯ ಮಟ್ಟಕ್ಕೇರುವಷ್ಟರಲ್ಲಿ ಮುಂಗಡದೊಡನೆ ಕಣ್ಮರೆಯಾದನು. ತಂದೆಯವರು ಅವನನ್ನು ಹುಡುಕಿಕೊಂಡು ಹೋಗಲಿಲ್ಲ. ದಿನಗೂಲಿಗೆ ವೃದ್ಧ ಮೇಸ್ತ್ರಿಯೊಬ್ಬನನ್ನು ಗೊತ್ತುಮಾಡಿ, ಬೋರಲು ಹಾಕಿದ ಬಾಂಡ್ಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ತಾವೇ ಕುಳಿತರು.

ಆ ಮೇಸ್ತ್ರಿಯನ್ನು ನೀನು ನೋಡಬೇಕಾಗಿತ್ತು. ಮರಳನ್ನು ಅಂಗೈಯಲ್ಲಿ ಉಜ್ಜಿ, ಕೆಸರಿನ ಬಣ್ಣ ಅಂಟಿದರೆ ಗಾಡಿಯನ್ನೇ ಹಿಂದಕ್ಕೆ ಕಳುಹಿಸುತ್ತಿದ್ದನು; ಗಾರೆ ಆರಿದ ಮೇಲೆ ಗೋಡೆಯನ್ನು ಕರಣೆಯ ಹಿಡಿಯಿಂದ ಬಡಿದು, ಟೊಳ್ಳು ಸದ್ದು ಬಂದಲ್ಲಿ ತನ್ನ ಕೆಲಸವನ್ನು ತಾನೇ ಕೆತ್ತಿ ಹಾಕುತ್ತಿದ್ದನು; ತಾರಸಿ ಹಾಕಿದ ಮರುದಿನ ಅದರ ಮೇಲೆ ಬದುಗಳನ್ನು ಕಟ್ಟಿ, ಗದ್ದೆಯ ಮಡಿಗಳಲ್ಲಿ ನಿಲ್ಲಿಸುವಂತೆ ನೀರು ನಿಲ್ಲಿಸಿ, ಅದು ಇಂಗದಂತೆ ರಾತ್ರಿಯೂ ಬಂದು ನೋಡುತ್ತಿದ್ದನು. ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗಿನ ಮಿಶ್ರ ಸಿಮೆಂಟಿಗೆ 10 ದಿನ ನೀರುಣಿಸತಕ್ಕದ್ದೆಂಬ ನಿಯಮವನ್ನು ಅವನು ಯಾವ ಪುಸ್ತಕದಲ್ಲಿಯೂ ಓದಿದವನಲ್ಲ. ಆ ತಾರಸಿಯ ಕೆಳಗೆ ಕುಳಿತೇ ಈ ಪತ್ರ ಬರೆಯುತ್ತಿದ್ದೇನೆ, ಕಾಗದ ಒಣಗಿದೆ.

ಇನ್ನು ನಿನ್ನ ಮಾತು. ಜಡಿಮಳೆಯ ನಡುವೆ, ಒದ್ದೆ ತಾರಸಿಯ ಮೇಲೆ ಒಬ್ಬನು ಬಿಳಿಯ ಲೇಪನ ಬಳಿಯುತ್ತಿದ್ದಾಗ ನೀನೆಲ್ಲಿದ್ದೆ? ಒಳಗೆ ತೇವವಿರುವಾಗ ಮೇಲೆ ಬಳಿದ ಪದರವು ಬಿಸಿಲು ಬಿದ್ದೊಡನೆ ಗುಳ್ಳೆಯೆದ್ದು ಸುಲಿಯುವುದೆಂಬುದನ್ನು ತಿಳಿಯುವುದಕ್ಕೆ ಎಂಜಿನಿಯರಿಂಗ್ ಪದವಿ ಬೇಕೆ? ಸೋರಿಕೆ ಎಲ್ಲಿಂದಲೆಂದು ಹುಡುಕದೆ, ಒಮ್ಮೆಯೂ ಏಣಿ ಹತ್ತದೆ, ಚದರಕ್ಕಿಷ್ಟೆಂದು ಒಪ್ಪಿ, ಪೂರ್ತಿ ಹಣವನ್ನು ಮೊಬೈಲಿನಲ್ಲಿ ಕಳುಹಿಸಿ, ಈಗ ಲೋಕವೆಲ್ಲ ಮೋಸವೆಂದು ಕೊರಗುವುದು ಗೃಹಸ್ಥನಿಗೆ ಒಪ್ಪುವ ಮಾತಲ್ಲ.

ನಿನಗೆ ಎರಡು ದಾರಿಗಳಿವೆ. ಎರಡನ್ನೂ ಪಕ್ಷಪಾತವಿಲ್ಲದೆ ಹೇಳುತ್ತೇನೆ. ಮೊದಲನೆಯದು ವ್ಯಾಜ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ವ್ಯಾಜ್ಯದ ಕಾರಣ ಹುಟ್ಟಿದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಕರಾರುಪತ್ರವೆಲ್ಲಿ, ರಸೀದಿಯೆಲ್ಲಿ ಎಂದು ಅವರು ಕೇಳಿದರೆ ಏನನ್ನು ತೋರಿಸುವೆ? ತೀರ್ಪು ಬಂದರೂ ಅದು ತಾರಸಿಯ ಬಿರುಕನ್ನು ಮುಚ್ಚುವುದೆ? ಹಠಕ್ಕೆ ಬಿದ್ದು ತಿರುಗಾಡುವುದರಲ್ಲಿ ಇನ್ನೆರಡು ಮಳೆಗಾಲ ಕಳೆದಾವು. ಎರಡನೆಯ ದಾರಿ ಹೀಗಿದೆ: ಈಗ ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಮಳೆ ಕಳೆ. ಬೇಸಗೆಯಲ್ಲಿ ಸುಲಿದ ಲೇಪನವನ್ನು ಕೆರೆಸು. ನೀರಿಳಿಯುವ ಕೊಳವೆಗೆ ಬಟ್ಟೆ ತುರುಕಿ ಒಂದೆರಡು ದಿನ ನೀರು ನಿಲ್ಲಿಸಿ, ಎಲ್ಲಿ ಜಿನುಗುವುದೆಂದು ಗುರುತು ಹಾಕಿಕೊ. ಹೆಚ್ಚಾಗಿ ದೋಷವಿರುವುದು ಆ ಕೊಳವೆಯ ಬಾಯಿಯಲ್ಲಿ ಅಥವಾ ಕೈಪಿಡಿ ಗೋಡೆಯ ಬುಡದಲ್ಲಿ. ನೂರು ಅಡಿಗೆ ಒಂದಡಿಯಾದರೂ ವಾಟವಿದೆಯೆ ಎಂದು ರಸಮಟ್ಟದಿಂದ ನೋಡಿಸು. ಬಿರುಕನ್ನು ಅಗಲಿಸಿ ತುಂಬಿಸಿ, ಚೆನ್ನಾಗಿ ಒಣಗಿದ ಮೇಲೆಯೇ ಲೇಪನ. ದಿನಗೂಲಿಯ ಮೇಸ್ತ್ರಿಯಿಂದ ಮಾಡಿಸು, ಎದುರಿಗೆ ನಿಲ್ಲು, ಕೂಲಿಯನ್ನು ಅಂದಂದೇ ಕೊಡು. ಮಧ್ಯಾಹ್ನದ ಕಾಫಿಯನ್ನು ಮರೆಯಬೇಡ.

ಮಾತು ಬಿರುಸಾಯಿತೇನೋ. ದಿನವೆಲ್ಲ ಕಚೇರಿ, ಮಕ್ಕಳ ಶಾಲೆ, ಬ್ಯಾಂಕಿನ ಕಂತು ಇವುಗಳ ನಡುವೆ ಮೇಸ್ತ್ರಿಯ ಎದುರು ನಿಲ್ಲುವ ಪುರುಸೊತ್ತು ನಿನಗೆ ಎಲ್ಲಿಂದ ಬರಬೇಕೆಂಬುದನ್ನು ನಾನು ಅರಿಯದವನಲ್ಲ. ನಿವೃತ್ತನಾದ ಮುದುಕನಿಗೆ ಪುರುಸೊತ್ತಿಗೆ ಬರವಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೆರೆಯವರಲ್ಲಿ ಏಣಿಯೊಂದನ್ನು ಕೇಳಿ ಇಟ್ಟಿರು, ಕಂಟ್ರಾಕ್ಟರಿಗೆ ಹಣ ಕಳುಹಿಸಿದ ವಿವರವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡು. ಬೇಸಗೆಯ ಕೆಲಸಕ್ಕೆ ಹಣ ಸಾಲದೆ ಬಂದರೆ ಸಂಕೋಚಪಡದೆ ಹೇಳು, ಸಾಲ ಮಾಡಬೇಡ.

ಇತಿ ನಿನ್ನ ಹಿತೈಷಿ,
ಸೋದರಮಾವ