ನಮ್ಮವರು ಮನೆ ತುಂಬ ಗುಜರಿ ತರುತ್ತಾರೆ, ಏನು ಮಾಡಲಿ?

ನಾವು ಹೊಸೂರಿನವರು. ನಮ್ಮ ಯಜಮಾನರು ಸಿಪ್‌ಕಾಟ್‌ನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಎರಡು ವರ್ಷದ ಹಿಂದೆ ನಿವೃತ್ತರಾದರು. ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಹಾಲಿಗೆಂದು ಹೋದವರು ಬರುವಾಗ ಸ್ಕೂಟರಿನ ಹಿಂದೆ ಟೈರು, ಸೈಕಲ್ ರಿಮ್ಮು, ತುಕ್ಕು ಹಿಡಿದ ಬೇರಿಂಗು ಕಟ್ಟಿಕೊಂಡು ಬರುತ್ತಾರೆ. ‘ಇದರಲ್ಲಿ ನವಿಲು ಮಾಡ್ತೀನಿ, ಇದು ದಾಸವಾಳಕ್ಕೆ ಕುಂಡ ಆಗುತ್ತೆ’ ಅನ್ನುತ್ತಾರೆ. ಮೊದಮೊದಲು ಒಂದೆರಡು ಚೆನ್ನಾಗಿಯೇ ಮಾಡಿದರು. ಬೈಕಿನ ಸ್ಪ್ರಾಕೆಟ್ಟಿನಲ್ಲಿ ಮಾಡಿದ ಸೂರ್ಯಕಾಂತಿ ಹೂ ಈಗಲೂ ಹಿತ್ತಲಲ್ಲಿ ಇದೆ. ಈಗ ತರುವುದೇ ಹೆಚ್ಚು, ಮಾಡುವುದು ಕಡಿಮೆ. ಕಾಂಪೌಂಡು, ಮಹಡಿ, ಮೆಟ್ಟಿಲ ಕೆಳಗೆ, ಎಲ್ಲ ತುಂಬಿಹೋಗಿದೆ. ಮಳೆಗಾಲದಲ್ಲಿ ಡೆಂಗಿ ತಪಾಸಣೆಗೆ ಬಂದವರು ಟೈರಿನೊಳಗಿನ ಹುಳು ತೋರಿಸಿ ಎಚ್ಚರಿಕೆ ಕೊಟ್ಟು ಹೋದರು. ಅಕ್ಕಪಕ್ಕದವರ ಮುಂದೆ ತಲೆ ತಗ್ಗಿಸುವ ಹಾಗಾಯಿತು.

ಹೋದ ತಿಂಗಳು ಅವರು ತಳಿ ಕಡೆ ನೆಂಟರ ಮನೆಗೆ ಹೋಗಿದ್ದಾಗ ಗುಜರಿಯವನನ್ನು ಕರೆದು ಅರ್ಧದಷ್ಟು ಕೊಟ್ಟುಬಿಟ್ಟೆ. ಬಂದವರು ನೋಡಿದರು, ಜಗಳ ಆಡಲಿಲ್ಲ. ಊಟ ಮಾಡದೆ ಮಲಗಿದರು. ಈಗ ಕೇಳಿದ್ದಕ್ಕಷ್ಟೇ ಉತ್ತರ. ಸಂಕ್ರಾಂತಿ ಕಳೆದ ಮೇಲೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ. ಇದು ಏನಾದರೂ ಕಾಯಿಲೆಯೇ? ಅವರು ಬರುವುದರೊಳಗೆ ಮನೆ ಖಾಲಿ ಮಾಡಿಸುವುದು ಹೇಗೆ? ನಾನು ಮಾರಿದ್ದು ಅಷ್ಟು ದೊಡ್ಡ ತಪ್ಪೇ?

– ಗೃಹಿಣಿ, ಹೊಸೂರು

ಅಮ್ಮಾ, ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ತಪ್ಪು ಹೌದು. ನಿಮಗೆ ಎಷ್ಟು ಸಾಕಾಗಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಮನೆ ನಿಮ್ಮದೂ ಹೌದು, ಅಂಗಳದಲ್ಲಿ ಕಾಲಿಡಲು ಜಾಗ ಕೇಳುವ ಹಕ್ಕೂ ನಿಮಗಿದೆ. ಆದರೂ ಅವರು ಇಲ್ಲದ ಹೊತ್ತಿನಲ್ಲಿ ಕೊಟ್ಟದ್ದು ಸರಿಯಲ್ಲ. ಗುಜರಿಯವನು ಅದನ್ನು ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋದ. ನಿಮ್ಮ ಯಜಮಾನರ ಲೆಕ್ಕದಲ್ಲಿ ಆ ರಾಶಿಯೊಳಗೆ ನವಿಲಿನ ಕತ್ತು ಯಾವುದು, ಗರಿ ಯಾವುದು ಎಂದು ಆಗಲೇ ನಿಗದಿಯಾಗಿತ್ತು. ಇಡೀ ಜೀವಮಾನ ಫಿಟ್ಟರ್ ಕೆಲಸ ಮಾಡಿದವರ ಕಣ್ಣೇ ಹಾಗೆ. ಒಂದು ರಿಮ್ಮು ಕಂಡರೆ ಅದು ಎಲ್ಲಿ ಕೂರುತ್ತದೆ, ಯಾವ ಬೋಲ್ಟಿಗೆ ಹಿಡಿಯುತ್ತದೆ ಎಂದೇ ಅದು ಹುಡುಕುತ್ತದೆ. ಕಾರ್ಖಾನೆ ಆ ಕಣ್ಣಿಗೆ ಸಂಬಳ ಕೊಡುತ್ತಿತ್ತು. ಈಗ ಸಂಬಳ ನಿಂತಿದೆ, ಕಣ್ಣು ಇನ್ನೂ ಕೆಲಸ ಮಾಡುತ್ತಿದೆ.

ಹಾಗಾಗಿ ಹೋಗಿ ಒಂದು ಮಾತು ಹೇಳಿ: ‘ನಿಮ್ಮನ್ನ ಕೇಳದೆ ಕೊಟ್ಟಿದ್ದು ತಪ್ಪಾಯ್ತು. ಇನ್ನು ಕೇಳದೆ ಒಂದು ಮೊಳೆನೂ ಮುಟ್ಟಲ್ಲ.’ ಅಲ್ಲಿಗೆ ನಿಲ್ಲಿಸಿ. ‘ಆದರೆ ನೀವೂ…’ ಎಂಬ ಬಾಲವನ್ನು ಆ ದಿನ ಸೇರಿಸಬೇಡಿ. ಗುಜರಿ ಅಂಗಡಿ ಹತ್ತಿರವೇ ಇದ್ದರೆ ಇಬ್ಬರೂ ಒಟ್ಟಿಗೆ ಹೋಗಿ ನೋಡಿ ಬನ್ನಿ. ಅವರಿಗೆ ಬೇಕಾದ ಒಂದೆರಡು ವಸ್ತು ಇನ್ನೂ ಅಲ್ಲೇ ಬಿದ್ದಿದ್ದರೆ ವಾಪಸ್ ಕೊಂಡುಕೊಳ್ಳಿ. ಕೊಟ್ಟ ಬೆಲೆಗಿಂತ ಹೆಚ್ಚೇ ಕೇಳುತ್ತಾನೆ, ಕೊಡಿ.

ಇನ್ನು ಕಾಯಿಲೆಯ ಮಾತು. ಬೇಕಾದದ್ದು ಬೇಡದ್ದು ಎನ್ನದೆ ಕೂಡಿಡುವುದು, ಒಂದನ್ನೂ ಬಿಟ್ಟುಕೊಡಲಾಗದಿರುವುದು ಒಂದು ಮನೋವ್ಯಾಧಿಯಾಗಿಯೂ ಬರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಅದು ಇದೆ. ಆದರೆ ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ತಲೆಯೆತ್ತಿ ವರ್ಷಗಳು ಕಳೆದಂತೆ ಬಲಿಯುತ್ತದೆ. ಮಲಗುವ ಮಂಚ, ಅಡುಗೆಯ ಕಟ್ಟೆ ಕೂಡ ಬಳಸಲಾಗದಷ್ಟು ಸಾಮಾನು ತುಂಬುತ್ತದೆ. ಹಳೇ ಪೇಪರು, ಖಾಲಿ ಕವರು ಬಿಸಾಡಿದರೂ ಜೀವ ಹೋದಂತೆ ಆಗುತ್ತದೆ. ನಿಮ್ಮ ಮನೆಯಲ್ಲಿ ಇದು ನಿವೃತ್ತಿಯ ನಂತರ ಶುರುವಾಗಿದೆ, ಒಳಗಿನ ಕೋಣೆಗಳ ಬಗ್ಗೆ ನೀವು ದೂರಿಲ್ಲ, ಮೊದಲು ತಂದದ್ದರಲ್ಲಿ ಹೂವೂ ಅರಳಿದೆ. ಪತ್ರ ಓದಿ ರೋಗ ಹೇಳುವುದು ಯಾರಿಗೂ ಸಲ್ಲದು. ಆದರೂ ಟೈರಿನ ರಾಶಿಗಿಂತ ನನ್ನನ್ನು ಹೆಚ್ಚು ತಟ್ಟಿದ್ದು ಊಟ ಬಿಟ್ಟದ್ದು, ಮಾತು ಬಿಟ್ಟದ್ದು. ‘ತರುವುದೇ ಹೆಚ್ಚು, ಮಾಡುವುದು ಕಡಿಮೆ’ ಎಂದು ಬರೆದಿದ್ದೀರಲ್ಲ, ಅದೂ ತಟ್ಟಿತು. ಕೆಲಸ ಬಿಟ್ಟವರಲ್ಲಿ ಖಿನ್ನತೆ ಹೀಗೂ ಕಾಣಿಸಿಕೊಳ್ಳುತ್ತದೆ. ತರಲು ಹುಮ್ಮಸ್ಸು ಇರುತ್ತದೆ, ಕೂತು ಮುಗಿಸಲು ಇರುವುದಿಲ್ಲ. ನಿದ್ದೆ, ಊಟ, ಮಾತು ಎರಡು ವಾರವಾದರೂ ಸರಿಹೋಗದಿದ್ದರೆ ತಡ ಮಾಡಬೇಡಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ನೇರವಾಗಿ ಹೋಗುವುದಾದರೆ ನಿಮ್ಹಾನ್ಸ್ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲೇ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈಗ ಗುಜರಿಯ ವಿಷಯಕ್ಕೆ ಬರೋಣ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಚಂಡೀಗಢದ ರಾಕ್ ಗಾರ್ಡನ್ ಹೆಸರು ಕೇಳಿರುತ್ತೀರಿ. ನೇಕ್ ಚಂದ್ ಎಂಬ ಸರ್ಕಾರಿ ರಸ್ತೆ ಇನ್‌ಸ್ಪೆಕ್ಟರ್, ಹೊಸ ನಗರ ಕಟ್ಟಲು ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಬಳೆ, ಪಿಂಗಾಣಿ ಚೂರು, ಹಳೇ ವಿದ್ಯುತ್ ಸಾಮಾನು ಎಲ್ಲವನ್ನೂ ಹೆಕ್ಕಿ ತಂದು, ವರ್ಷಗಟ್ಟಲೆ ಯಾರಿಗೂ ತಿಳಿಯದಂತೆ ಕಾಡಿನ ಮರೆಯಲ್ಲಿ ಗೊಂಬೆಗಳನ್ನು ಮಾಡಿದರು. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಕೆಡವಿಬಿಡುವ ಮಾತೂ ಬಂತು. ಜನರ ಬೆಂಬಲದಿಂದ ಅದು ಉಳಿಯಿತು, 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಕತೆಯನ್ನು ನಿಮ್ಮ ಯಜಮಾನರಿಗೂ ಹೇಳಿ, ಒಂದು ಮಾತು ಸೇರಿಸಿ ಹೇಳಿ: ನೇಕ್ ಚಂದ್ ತಂದದ್ದನ್ನು ಕೈಗೆತ್ತಿಕೊಂಡು ಮುಗಿಸಿದರು. ಬಳೆ ಚೂರು ಗೊಂಬೆಯ ಲಂಗವಾಯಿತು, ಮೂಟೆಯಲ್ಲಿ ಉಳಿಯಲಿಲ್ಲ.

ನಿಮ್ಮ ಮನೆಯಲ್ಲಿ ತಪ್ಪಿರುವುದು ಈ ಎಳೆ. ಅದನ್ನು ಮತ್ತೆ ಹಿಡಿಯಲು ಅವರಿಗೆ ಒಂದು ಜಾಗ ಕೊಡಿ. ಮೆಟ್ಟಿಲ ಕೆಳಗೋ ಹಿತ್ತಲಿನ ಒಂದು ಮೂಲೆಯೋ, ಅದು ಪೂರ್ತಿ ಅವರದು. ನೀವು ಗುಡಿಸಲೂ ಹೋಗಬೇಡಿ. ಅಲ್ಲಿ ಒಂದು ಬೆಂಚು, ವೈಸು, ಒಂದು ಲೈಟು. ಆ ಜಾಗದ ಗಡಿ ದಾಟಿ ಸಾಮಾನು ಬರಬಾರದು. ಹೊಸದೊಂದು ಬರಬೇಕಾದರೆ ಒಂದು ಮುಗಿಯಬೇಕು, ಇಲ್ಲವೇ ಒಂದು ಹೋಗಬೇಕು. ಅಂಗಳ, ಗೇಟು, ಮಹಡಿ ಮತ್ತೆ ಇಬ್ಬರದೂ ಆಗಲಿ. ಈ ಮಾತನ್ನು ನೀವು ನಿಯಮ ಮಾಡಿ ಹೇರಿದರೆ ನಡೆಯದು. ಕಾರ್ಖಾನೆಯಲ್ಲಿ ಅಷ್ಟು ವರ್ಷ ಸ್ಟೋರು, ರ‍್ಯಾಕು, ಲೇಬಲ್ಲು ನೋಡಿದವರಿಗೆ ‘ನೀವೇ ಒಂದು ವ್ಯವಸ್ಥೆ ಮಾಡಿಕೊಡಿ’ ಎಂದು ಕೇಳಿ ನೋಡಿ. ಅವರು ಮಾಡುವ ವ್ಯವಸ್ಥೆ ನನ್ನ ಸಲಹೆಗಿಂತ ಅಚ್ಚುಕಟ್ಟಾಗಿರುತ್ತದೆ.

ಆರಿಸುವ ಕೆಲಸಕ್ಕೆ ನಿಮ್ಮ ಕಡೆ ಒಳ್ಳೆಯ ದಿನವೇ ಇದೆ, ಭೋಗಿ. ಹಳೆಯದನ್ನು ಮನೆಯಿಂದ ಹೊರಗೆ ಹಾಕುವ ಹಬ್ಬ. ದಯವಿಟ್ಟು ಟೈರು, ಪ್ಲಾಸ್ಟಿಕ್ ಮಾತ್ರ ಬೆಂಕಿಗೆ ಹಾಕಬೇಡಿ. ಆ ಕಪ್ಪು ಹೊಗೆ ಮಕ್ಕಳ, ಮುದುಕರ ಶ್ವಾಸಕೋಶಕ್ಕೆ ವಿಷ. ತಮಿಳುನಾಡಿನ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿ ವರ್ಷ ಇದನ್ನೇ ಕೇಳಿಕೊಳ್ಳುತ್ತದೆ. ಬೇಡದ್ದನ್ನು ಆ ದಿನ ಗುಜರಿಗೆ ಕೊಡಿ, ಈ ಸಲ ಅವರ ಕೈಯಿಂದಲೇ.

ಯಾವುದು ಉಳಿಯಬಹುದು, ಯಾವುದು ಉಳಿಯಲೇಬಾರದು ಎಂಬುದನ್ನು ನಾನು ಬಿಡಿಸಿ ಹೇಳಬೇಕು. ಇದು ಜೀವದ ಪ್ರಶ್ನೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಟೈರಿಗಿಂತ ಒಳ್ಳೆಯ ತೊಟ್ಟಿಲು ಇಲ್ಲ. ಒಳಗೆ ಕತ್ತಲು, ಸ್ವಲ್ಪ ನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಚೆಲ್ಲಿದರೂ ಸಾಲದು. ನೀರಿನ ಅಂಚಿಗೆ ಅಂಟಿದ ಮೊಟ್ಟೆ ಒಣಗಿಕೊಂಡೇ ತಿಂಗಳುಗಟ್ಟಲೆ ಬದುಕಿದ್ದು ಮುಂದಿನ ಮಳೆಗೆ ಒಡೆಯುತ್ತದೆ. ಆದ್ದರಿಂದ ಬಳಸುವ ಟೈರಿನ ಒಳಬದಿಯನ್ನು ಬ್ರಷ್ಷಿನಲ್ಲಿ ಚೆನ್ನಾಗಿ ಉಜ್ಜಿ, ಕೆಳಗೆ ನಾಲ್ಕಾರು ಕಡೆ ತೂತು ಕೊರೆದು, ಮಣ್ಣು ತುಂಬಿ ಗಿಡ ನೆಡಬೇಕು. ದಾಸವಾಳ, ಕಣಗಿಲೆ ಸರಿ. ಸೊಪ್ಪು ತರಕಾರಿ ಬೇಡ. ಈ ವಾರ ಗಿಡ ನೆಡಲಾಗದ ಟೈರು ಈ ವಾರವೇ ಹೋಗಬೇಕು. ಈ ಒಂದು ವಿಷಯದಲ್ಲಿ ಮಾತ್ರ ನೀವು ಪಟ್ಟು ಹಿಡಿಯಿರಿ.

ಅದಕ್ಕಿಂತ ಹೆಚ್ಚು ಭಯ ನನಗೆ ಡ್ರಮ್ಮುಗಳದು. ಸಿಪ್‌ಕಾಟ್ ಇರುವ ಊರಿನ ಗುಜರಿಯಲ್ಲಿ ಥಿನ್ನರ್, ಬಣ್ಣ, ಆಸಿಡ್, ಎಣ್ಣೆ ತುಂಬಿದ್ದ ಡ್ರಮ್ಮು ಬರುವುದು ಸಹಜ. ರಾಸಾಯನಿಕ ಅಂಟಿದ ಖಾಲಿ ಡ್ರಮ್ಮನ್ನು ನಮ್ಮ ಕಾನೂನೇ ಅಪಾಯಕಾರಿ ತ್ಯಾಜ್ಯ ಎನ್ನುತ್ತದೆ. ಖಾಲಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಗ್ಯಾಸ್ ಕಟ್ಟರ್ ಅಥವಾ ಗ್ರೈಂಡರ್ ಹಿಡಿದರೆ ಸಿಡಿದು ಪ್ರಾಣ ಹೋದೀತು. ನಿಮ್ಮ ಯಜಮಾನರಿಗೆ ಇದು ಗೊತ್ತಿರುತ್ತದೆ, ಆದರೂ ನೆನಪಿಸಿ. ಒಳಗೆ ಏನಿತ್ತು ಎಂದು ತಿಳಿಯದ ಡ್ರಮ್ಮು ಮನೆಗೆ ಬೇಡವೇ ಬೇಡ, ತುಳಸಿಗೂ ಬೇಡ. ಹಳೇ ಬ್ಯಾಟರಿ, ಟ್ಯೂಬ್‌ಲೈಟು, ಹಿಂದಿನ ಕಾಲದ ದಪ್ಪ ಟಿವಿ, ಕಲ್ನಾರಿನ ಶೀಟಿನ ಚೂರು, ಇವೂ ಅಲಂಕಾರಕ್ಕೆ ಅಲ್ಲ. ಹಳೇ ಕಿಟಕಿ ಬಾಗಿಲಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಬಣ್ಣದಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಂಥದ್ದನ್ನು ಒಣಗಿದ್ದಾಗ ಉಜ್ಜಬಾರದು. ಒದ್ದೆ ಮಾಡಿ, ಮೂಗಿಗೆ ಮಾಸ್ಕ್ ಹಾಕಿ, ಚಿಕ್ಕ ಮಕ್ಕಳಿಲ್ಲದ ಹೊತ್ತಿನಲ್ಲಿ ಉಜ್ಜಬೇಕು.

ಮಹಡಿಯನ್ನೂ ನೋಡಿ. 200 ಲೀಟರ್ ಡ್ರಮ್ಮಿಗೆ ಮಣ್ಣು ತುಂಬಿ ನೀರು ಹಾಕಿದರೆ 300 ಕಿಲೋ ಮೀರುತ್ತದೆ. ಅಂಥವು ನಾಲ್ಕಾರು ಒಂದೇ ಕಡೆ ಕೂಡದು.

ಬೇಡದ್ದರ ಮಾತು ಇಷ್ಟು ಸಾಕು, ಒಳ್ಳೆಯದೂ ನಿಮ್ಮ ಸುತ್ತ ಬೇಕಾದಷ್ಟು ಇದೆ. ಕೃಷ್ಣಗಿರಿ ಕಡೆ ಗ್ರಾನೈಟ್ ಕೊಯ್ಯುವಲ್ಲಿ ಉಳಿಯುವ ಅಂಚುಕಲ್ಲು ಕಾಲುದಾರಿಗೆ ಹೇಳಿ ಮಾಡಿಸಿದ್ದು. ಮನೆಯಲ್ಲಿ ಕತ್ತರಿಸಬೇಡಿ, ಆ ಧೂಳು ಒಳ್ಳೆಯದಲ್ಲ. ಇದ್ದ ಆಕಾರದಲ್ಲೇ ಜೋಡಿಸಿದರೆ ಚೆಂದ. ಗುಲಾಬಿ ತೋಟದವರು ತೆಗೆದು ಎಸೆಯುವ ಡ್ರಿಪ್ ಪೈಪಿನಿಂದ ಕುಂಡಗಳಿಗೆ ನೀರಿನ ವ್ಯವಸ್ಥೆ ಆಗುತ್ತದೆ. ಕಾರ್ಖಾನೆಗಳ ಪ್ಯಾಕಿಂಗ್ ಮರದ ಮೇಲೆ ತೆನೆಯ ಗುರುತಿನ ಪಕ್ಕ ಎಚ್‌ಟಿ ಎಂದಿದ್ದರೆ ಅದು ಬಿಸಿಯಲ್ಲಿ ಹದ ಮಾಡಿದ ಮರ, ಬೆಂಚು ಮಾಡಬಹುದು. ಎಂಬಿ ಎಂದಿದ್ದರೆ ವಿಷಾನಿಲ ಹಾಯಿಸಿದ್ದು, ಬಿಟ್ಟುಬಿಡಿ. ಮೂಲೆ ಸೇರಿದ ಒರಳುಕಲ್ಲು ನಿಮ್ಮ ಮನೆಯಲ್ಲೂ ಇರಬಹುದು; ಗುಬ್ಬಿಗಳಿಗೆ ನೀರಿಡಲು ಅದಕ್ಕಿಂತ ಬೇಕೆ? ದಿನಾ ನೀರು ಬದಲಿಸಿದರೆ ಸೊಳ್ಳೆಯ ಭಯವೂ ಇಲ್ಲ. ಕಬ್ಬಿಣದ್ದು ಏನು ಮಾಡಿದರೂ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಆಮೇಲೆ ಬಣ್ಣ. ಪ್ರೈಮರ್ ಬಿಟ್ಟರೆ ಒಂದೇ ಮಳೆಗಾಲಕ್ಕೆ ನವಿಲು ಮತ್ತೆ ಗುಜರಿಯಾಗುತ್ತದೆ.

ಮಾಡಿದ್ದೆಲ್ಲ ನಿಮ್ಮ ಮನೆಯಲ್ಲೇ ಇರಬೇಕೆಂದೂ ಇಲ್ಲ. ಹೊಸೂರು, ತಳಿ ಸುತ್ತ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹತ್ತಿರದ ಒಂದು ಶಾಲೆಯ ಮುಖ್ಯೋಪಾಧ್ಯಾಯರನ್ನು ಇಬ್ಬರೂ ಹೋಗಿ ಕಾಣಿ. ಸೈಕಲ್ ರಿಮ್ಮಿನ ಒಂದು ಬಳ್ಳಿಚಪ್ಪರ, ಬೇರಿಂಗ್ ಹಾಕಿದ ಒಂದು ಗಾಳಿಗಿರಗಟ್ಟಲೆ ಮಾಡಿಕೊಡಲೇ ಎಂದು ನಿಮ್ಮ ಯಜಮಾನರು ಕೇಳಲಿ. ಯಾರೋ ಕಾಯುತ್ತಿದ್ದಾರೆ ಎಂದರೆ ಮುಗಿಸುವ ಹುಮ್ಮಸ್ಸು ತಾನಾಗಿ ಬರುತ್ತದೆ. ಬೆಳಿಗ್ಗೆ ಎದ್ದು ಹೋಗಲು ಅವರಿಗೆ ಒಂದು ಕಡೆಯೂ ಆಗುತ್ತದೆ.

ಗಂಡಿನ ಕಡೆಯವರ ಬಗ್ಗೆ ನಿಮಗಿರುವ ಆತಂಕ ಸಣ್ಣದಲ್ಲ, ಮಗಳ ವಿಷಯ. ಆದರೆ ಆ ಒಂದು ದಿನಕ್ಕೆಂದು ಎಲ್ಲವನ್ನೂ ಮತ್ತೆ ಸಾಗಹಾಕಿದರೆ ನಿಮ್ಮ ಯಜಮಾನರ ಮೌನ ಅತಿಥಿಗಳ ಎದುರಿಗೇ ಕೂತಿರುತ್ತದೆ. ಅದನ್ನು ಯಾವ ಪರದೆಯೂ ಮುಚ್ಚದು. ಟೈರು, ಡ್ರಮ್ಮು ಭೋಗಿಯೊಳಗೆ ಹೋಗಲಿ, ಉಳಿದದ್ದು ಅವರ ಮೂಲೆಗೆ ಸೇರಲಿ. ಹಿತ್ತಲಿನ ಆ ಸೂರ್ಯಕಾಂತಿಯನ್ನು ಹೊಸ ಬಣ್ಣ ಹೊಡೆದು ಗೇಟಿನ ಪಕ್ಕ ನಿಲ್ಲಿಸಲು ಹೇಳಿ, ಜೊತೆಗೆ ಇನ್ನೊಂದೇ ಒಂದು ಹೊಸದನ್ನು ಅಷ್ಟರೊಳಗೆ ಮುಗಿಸಿಕೊಡಲು ಕೇಳಿ. ಬಂದವರು ‘ಇದು ಎಲ್ಲಿ ತಂದದ್ದು?’ ಎಂದರೆ ಉತ್ತರ ನೀವು ಹೇಳಿ: ‘ನಮ್ಮವರೇ ಮಾಡಿದ್ದು.’ ಮಗಳಿಗೂ ಈಗಲೇ ವಿಷಯ ತಿಳಿಸಿ. ಆ ದಿನ ಏನೇನು ಎಲ್ಲೆಲ್ಲಿ ಇರಬೇಕು ಎಂಬುದನ್ನು ಅಪ್ಪ ಮಗಳು ಕೂತು ತೀರ್ಮಾನಿಸಲಿ.