ನಿಲ್ಲಿಸಿದ ಗಾಡಿಯಲ್ಲಿ ಬ್ಯಾಟರಿಯು ಬರಿದಾಗುವುದು: ಕಾರಣವನ್ನು ಕಂಡುಹಿಡಿಯುವ ಕ್ರಮ

ಬೆಂಗಳೂರಿನ ದಕ್ಷಿಣಕ್ಕಿರುವ ಜೆ.ಪಿ. ನಗರವು ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಮೊದಲಾದ ಗ್ರಾಮಗಳ ಎಲ್ಲೆಯಲ್ಲಿ ಬೆಳೆದ ಬಡಾವಣೆಯಾಗಿರುತ್ತದೆ. ಕನಕಪುರ, ಆನೇಕಲ್ ಕಡೆಗಳಲ್ಲಿ ಜಮೀನುಳ್ಳ ಗೃಹಸ್ಥರು ಇಲ್ಲಿ ಮನೆ ಮಾಡಿಕೊಂಡು ತೋಟಕ್ಕೆ ಹೋಗಿಬರಲು ಕಾರನ್ನು ಇಟ್ಟಿರುವುದುಂಟು. ೨೦೧೭ನೆಯ ಇಸವಿಯಿಂದ ಪಟ್ಟಣದೊಳಗಿನ ಓಡಾಟಕ್ಕೆ ಮೆಟ್ರೋ ರೈಲು ಒದಗಿರುವುದರಿಂದ ಗಾಡಿಯು ವಾರಗಟ್ಟಲೆ ನಿಂತಲ್ಲಿಯೇ ನಿಲ್ಲುತ್ತದೆ. ಊರಿಗೆ ಹೊರಡುವ ದಿವಸ ಬೀಗದ ಕೈ ತಿರುಗಿಸಿದರೆ ಟಕಟಕ ಶಬ್ದವಲ್ಲದೆ ಬೇರೇನೂ ಇಲ್ಲ. ೨೦೨೦ನೆಯ ಇಸವಿ ಮಾರ್ಚಿ ೨೫ರಿಂದ ದೇಶವೆಲ್ಲ ಮುಚ್ಚಿದ್ದ ಕಾಲದಲ್ಲಿ ಅನೇಕರಿಗೆ ಈ ಅನುಭವವಾಯಿತು. ಸುಗ್ಗಿ ಮುಗಿದ ಮೇಲೆ ಕೊಟ್ಟಿಗೆಯಲ್ಲಿ ನಿಂತ ಟ್ರ್ಯಾಕ್ಟರಿಗೂ, ಗ್ರಾಮದ ಮುಖಂಡರ ಜೀಪಿಗೂ ಇದೇ ಗತಿ. ಹೆರಿಗೆಯ ನೋವು ಬಂದವಳನ್ನಾಗಲಿ, ಹಾವು ಕಚ್ಚಿದವನನ್ನಾಗಲಿ ನಡುರಾತ್ರಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಬೇಕಾದಾಗ ಊರಿನ ಒಂದೇ ಗಾಡಿಯು ಕದಲದಿದ್ದರೆ ಒದಗುವ ಅನರ್ಥವನ್ನು ವಿವರಿಸಬೇಕಾದುದಿಲ್ಲ.

ಇಂಥ ಸಮಯದಲ್ಲಿ ಹೊಸ ಬ್ಯಾಟರಿಯನ್ನು ಕೊಂಡು ತರುವುದೇ ವಾಡಿಕೆಯಾಗಿದೆ. ಕಾರಣವನ್ನು ನೋಡದೆ ಹೀಗೆ ಮಾಡುವುದು ತೂಬು ಸೋರುತ್ತಿರುವ ಕೆರೆಗೆ ನೀರು ತುಂಬಿಸಿದಂತೆಯೇ ಸರಿ. ಸೀಸದ ಬ್ಯಾಟರಿಯು ಪೂರ್ತಿ ಬರಿದಾಗಿ ಹಾಗೆಯೇ ನಿಂತರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂಡುವುದು; ಆಮೇಲೆ ಎಷ್ಟು ಚಾರ್ಜು ಮಾಡಿದರೂ ಮೊದಲಿನ ಶಕ್ತಿ ಬಾರದು. ಸೋರಿಕೆಯನ್ನು ನಿಲ್ಲಿಸದಿದ್ದರೆ ಹೊಸ ಬ್ಯಾಟರಿಯೂ ಕೆಲವು ತಿಂಗಳಲ್ಲಿ ಹಳೆಯದರ ದಾರಿಯನ್ನೇ ಹಿಡಿಯುವುದು.

ಕೆರೆಯು ಬತ್ತುವುದಕ್ಕೆ ಒಳಹರಿವು ಸಾಲದಿರುವುದು, ಹೂಳು ತುಂಬಿರುವುದು, ತೂಬು ಸೋರುವುದು ಎಂಬ ಮೂರು ಕಾರಣಗಳಿರುವಂತೆ ಇಲ್ಲಿಯೂ ಮೂರು ಉಂಟು. ಮೊದಲನೆಯದನ್ನು ನೋಡುವುದು ಸುಲಭ. ಮಲ್ಟಿಮೀಟರನ್ನು ವೋಲ್ಟಿಗೆ ಇಟ್ಟು, ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್ಲುಗಳಿಗೆ ಮುಟ್ಟಿಸಿದರೆ ಸಾಮಾನ್ಯವಾಗಿ ೧೩.೮ರಿಂದ ೧೪.೫ ವೋಲ್ಟು ತೋರಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡತಕ್ಕದ್ದು. ಜಯನಗರದ ಅಂಗಡಿಯವರೆಗೆ ಮಾತ್ರ ಹೋಗಿಬರುವ ಗಾಡಿಯಲ್ಲಿ ಇದೆಲ್ಲ ನೆಟ್ಟಗಿದ್ದರೂ, ಇಂಜಿನ್ ಹೂಡಲು ಖರ್ಚಾದುದು ಪೂರ್ತಿ ತುಂಬದೆ ಹೋಗಬಹುದು.

ಎರಡನೆಯದಕ್ಕೆ, ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿಸಿ, ನೆಗೆಟಿವ್ ತಂತಿಯನ್ನು ಕಳಚಿ ಒಂದು ರಾತ್ರಿ ಬಿಡತಕ್ಕದ್ದು. ಬೆಳಿಗ್ಗೆ ೧೨.೬ ವೋಲ್ಟಿನ ಸುಮಾರಿಗೆ ಇದ್ದರೆ ಬ್ಯಾಟರಿಯು ಹಿಡಿದಿಟ್ಟುಕೊಂಡಿದೆ. ೧೨.೨ ಎಂದರೆ ಅರ್ಧ. ೧೨ಕ್ಕೂ ಕೆಳಗಾದರೆ ಬಹುಮಟ್ಟಿಗೆ ಬರಿದು. ತಂತಿ ಕಳಚಿದ್ದರೂ ಹೀಗೆ ಇಳಿದರೆ ದೋಷವು ಬ್ಯಾಟರಿಯೊಳಗೇ ಇರುವುದು. ಆಗ ಮಾತ್ರ ಹೊಸದನ್ನು ಕೊಳ್ಳುವುದು ನ್ಯಾಯ. ತಂತಿ ಕಳಚಿದಾಗ ನಿಲ್ಲುವುದೂ, ಹಾಕಿದಾಗ ಇಳಿಯುವುದೂ ಕಂಡುಬಂದರೆ ತೂಬು ಸೋರುತ್ತಿದೆಯೆಂದು ತಿಳಿಯಬೇಕು.

ಈ ಸೋರಿಕೆಯನ್ನು ಅಳೆಯುವುದೇ ಮುಖ್ಯವಾದ ಕೆಲಸ. ಕೈಯ ಉಂಗುರ, ಗಡಿಯಾರಗಳನ್ನು ತೆಗೆದಿಟ್ಟು, ಬೀಡಿ ಬೆಂಕಿಗಳನ್ನು ದೂರವಿಟ್ಟು, ಮೀಟರಿನ ಕೆಂಪು ತಂತಿಯನ್ನು ೧೦ ಆಂಪಿಯರಿನ ರಂಧ್ರಕ್ಕೆ ಸಿಕ್ಕಿಸಿ, ಕಳಚಿದ ನೆಗೆಟಿವ್ ತಂತಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಸೇರಿಸತಕ್ಕದ್ದು. ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆಯಕೂಡದು, ಹೆಡ್‌ಲೈಟನ್ನೂ ಹಾಕಕೂಡದು. ಮೀಟರಿನ ಫ್ಯೂಸು ಸುಟ್ಟುಹೋಗುವುದು. ಬಾಗಿಲುಗಳೆಲ್ಲ ಮುಚ್ಚಿದ್ದು, ಬೀಗದ ಕೈಯು ಗಾಡಿಯಿಂದ ದೂರವಿರಬೇಕು. ಈಚಿನ ಕಾರುಗಳ ಒಳಗಣ ಯಂತ್ರಗಳು ಕೂಡಲೇ ನಿದ್ರೆ ಹೋಗುವುದಿಲ್ಲ. ಅರ್ಧ ಗಂಟೆ, ಕೆಲವದರಲ್ಲಿ ಒಂದು ಗಂಟೆ ಕಾಯಬೇಕಾಗುವುದು. ಅವಸರದಲ್ಲಿ ಮೊದಲ ಅಂಕಿಯನ್ನೇ ನಂಬಿದವರು ಇಲ್ಲದ ದೋಷವನ್ನು ಹುಡುಕುತ್ತ ದಿನವೆಲ್ಲ ಕಳೆಯುವರು.

ಅಂಕಿಯು ಸ್ಥಿರವಾದ ಮೇಲೆ ೫೦ ಮಿಲಿಆಂಪಿಯರಿಗೆ ಒಳಗಿದ್ದರೆ ಸಾಧಾರಣವೆನ್ನಬಹುದು. ಗಡಿಯಾರ, ಕಳ್ಳರ ಎಚ್ಚರಿಕೆಯ ಅಲಾರಂ ಮುಂತಾದವುಗಳಿಗೆ ಅಷ್ಟು ಬೇಕು. ಆದರೆ ೫೦ ಮಿಲಿಆಂಪಿಯರ್ ಎಂದರೆ ದಿನಕ್ಕೆ ೧.೨ ಆಂಪಿಯರ್-ಗಂಟೆ. ಸಣ್ಣ ಕಾರಿನ ೩೫ ಆಂಪಿಯರ್-ಗಂಟೆಯ ಬ್ಯಾಟರಿಯು ಈ ಲೆಕ್ಕದಲ್ಲಿ ಎರಡು ವಾರಕ್ಕೆ ಅರ್ಧವಾಗುವುದು. ತಿಂಗಳು ನಿಲ್ಲಿಸಿ ಗಾಡಿ ಕೆಟ್ಟಿತೆಂದು ದೂರುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಡಿಕ್ಕಿಯೊಳಗೆ ಆರದೆ ಉಳಿದ ೫ ವಾಟಿನ ದೀಪವೊಂದು ದಿನಕ್ಕೆ ಸುಮಾರು ೧೦ ಆಂಪಿಯರ್-ಗಂಟೆಯನ್ನು ಕುಡಿಯುವುದು. ಅಂಥ ಗಾಡಿಯು ಮೂರನೆಯ ದಿವಸ ಎದ್ದರೆ ಭಾಗ್ಯ.

ಅಂಕಿಯು ಹೆಚ್ಚಾಗಿದ್ದರೆ, ಸೋರುವ ಕಾಲುವೆ ಯಾವುದೆಂದು ನೋಡಲು ನೀರುಗಂಟಿಯು ಒಂದೊಂದೇ ಬಾಯನ್ನು ಕಟ್ಟುವಂತೆ, ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಮೀಟರನ್ನು ನೋಡಿ, ತೆಗೆದುದನ್ನು ಅದರ ಸ್ಥಾನದಲ್ಲಿಯೇ ಮತ್ತೆ ಇಡತಕ್ಕದ್ದು. ಫ್ಯೂಸಿನ ಪೆಟ್ಟಿಗೆಯು ಕಾರಿನೊಳಗಿದ್ದರೆ, ಬಾಗಿಲು ತೆರೆದೊಡನೆ ಯಂತ್ರಗಳು ಎಚ್ಚರಗೊಳ್ಳುವುದರಿಂದ, ಪರೀಕ್ಷೆಗೆ ಮುಂಚೆಯೇ ಬಾಗಿಲನ್ನು ತೆರೆದು ಅದರ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ಒತ್ತಿಡಬೇಕು. ಕೆಲಸ ಮುಗಿದ ಮೇಲೆ ಅದನ್ನು ಬಿಡಿಸದೆ ಬಾಗಿಲು ಹಾಕಿದರೆ ಕೊಂಡಿ ಮುರಿಯುವುದು. ಯಾವ ಫ್ಯೂಸನ್ನು ತೆಗೆದಾಗ ಅಂಕಿಯು ಥಟ್ಟನೆ ಇಳಿಯುವುದೋ ಆ ಫ್ಯೂಸಿನ ದಾರಿಯಲ್ಲಿಯೇ ದೋಷವಿರುವುದು. ಅಂಟಿಕೊಂಡ ರಿಲೇ, ಡಿಕ್ಕಿಯ ದೀಪ, ಆಮೇಲೆ ಹಾಕಿಸಿದ ಹಾಡಿನ ಪೆಟ್ಟಿಗೆ, ರಸ್ತೆಯ ಚಿತ್ರ ಹಿಡಿಯುವ ಕ್ಯಾಮೆರಾ, ಇವುಗಳನ್ನು ಮೊದಲು ಸಂಶಯಿಸಬೇಕು. ಅಂಗಡಿಯವರು ಹೊರಗಿನಿಂದ ಜೋಡಿಸಿದ ತಂತಿಗಳೇ ಹೆಚ್ಚಿನ ಪಕ್ಷ ತಪ್ಪಿತಸ್ಥವಾಗಿರುತ್ತವೆ.

ಎಲ್ಲ ಫ್ಯೂಸುಗಳನ್ನು ತೆಗೆದರೂ ಅಂಕಿ ಇಳಿಯದಿದ್ದರೆ, ನೇರವಾಗಿ ಬ್ಯಾಟರಿಗೇ ಕಟ್ಟಿದ ತಂತಿಯನ್ನಾಗಲಿ, ಆಲ್ಟರ್ನೇಟರಿನೊಳಗಿನ ಡಯೋಡನ್ನಾಗಲಿ ನೋಡಿಸಬೇಕು. ಇದು ವಿದ್ಯುತ್ ಕೆಲಸ ಬಲ್ಲ ಮೆಕ್ಯಾನಿಕನ ಪಾಲಿನದು; ಮಾಲೀಕನು ತಾನು ಕಂಡ ಅಂಕಿಗಳನ್ನು ಬರೆದು ಕೊಟ್ಟರೆ ಅವನ ಅರ್ಧ ದಿನದ ಕೂಲಿ ಉಳಿಯುವುದು.

ರಿಪೇರಿಯಾದ ಮೇಲೆ ಸೋರಿಕೆಯನ್ನು ಮತ್ತೊಮ್ಮೆ ಅಳೆದು, ಮೀಟರಿನ ತಂತಿಯನ್ನು ಆಂಪಿಯರಿನ ರಂಧ್ರದಿಂದ ವೋಲ್ಟಿನದಕ್ಕೆ ಬದಲಾಯಿಸಿ ಇಡತಕ್ಕದ್ದು. ಎರಡು ವಾರಕ್ಕಿಂತ ಹೆಚ್ಚು ಕಾಲ ನಿಲ್ಲಿಸುವ ಟ್ರ್ಯಾಕ್ಟರು, ಜೀಪುಗಳಲ್ಲಿ ನೆಗೆಟಿವ್ ತಂತಿಯನ್ನು ಕಳಚಿಡುವುದು ಸಾಕು. ಕಾರಿನಲ್ಲಿ ಹಾಗೆ ಮಾಡಿದರೆ ಗಡಿಯಾರವನ್ನು ಮತ್ತೆ ಸರಿಪಡಿಸಬೇಕಾಗುವುದು, ಕೆಲವದರಲ್ಲಿ ರೇಡಿಯೋ ಗುಟ್ಟಿನ ಸಂಖ್ಯೆಯನ್ನು ಕೇಳುವುದು. ಆ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.